ಪ್ರಸಾದನಿಲಯದ ಪರಿಸರವೂ ವಿದ್ಯಾರ್ಥಿಯೂ

ಹಳೆಯ ವಿದ್ಯಾರ್ಥಿಗಳು ಒಂದೆಡೆ ಕೂಡಿದಾಗ ಅವರ ಮಾತು ಬಹುಬೇಗ ಪಾಠದ ಕೋಣೆಯನ್ನು ದಾಟಿ ಊಟದ ಮನೆಗೆ ಬಂದು ನಿಲ್ಲುತ್ತದೆ. ಬೀಜಗಣಿತದ ಸೂತ್ರಗಳನ್ನು ಮರೆತವರಿಗೂ ಬೆಳಗಿನ ಗಂಟೆಯ ನಾದ, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವನ ಹೆಸರು, ಬಿಸಿ ರೊಟ್ಟಿಯ ಮೇಲಿನ ಪುಂಡಿಪಲ್ಯದ ರುಚಿ ನೆನಪಿನಲ್ಲಿರುತ್ತವೆ. ಇದನ್ನು ಬರಿಯ ಬಾಲ್ಯದ ಮೋಹವೆಂದು ತಳ್ಳಿಹಾಕುವಂತಿಲ್ಲ. ಗುರುಗಳು ದಿನಕ್ಕೆ ಐದಾರು ತಾಸು ಕಲಿಸುವರು. ಉಳಿದ ವೇಳೆಯೆಲ್ಲ ಮಗುವಿಗೆ ಕಲಿಸುವುದು ಆ ಕಟ್ಟಡ, ಆ ಗಂಟೆ, ಆ ಪಂಕ್ತಿ. ಶಿಕ್ಷಣಶಾಸ್ತ್ರವು ‘ಪರಿಸರ’ವೆಂದು ಕರೆಯುವುದು ಇದನ್ನೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಗಡಿಸೀಮೆಯಲ್ಲಿ ಇಂಥ ಪರಿಸರಕ್ಕೆ ಒಂದು ಇತಿಹಾಸವುಂಟು. ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836-1921) ಹೆಸರಿನೊಂದಿಗೆ ಬೆಳೆದ ಅಥಣಿಯ ಜನಕ್ಕೆ ದಾಸೋಹದ ಪಂಕ್ತಿ ಹೊಸದಲ್ಲ. ಆದರೆ ಓದುವ ಹುಡುಗರ ಪಂಕ್ತಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಮುಗಿಸಿದವನು ಮುಂದೆ ಓದಬೇಕೆಂದರೆ ಬೆಳಗಾವಿಗೋ ಕೊಲ್ಲಾಪುರಕ್ಕೋ ನಡೆಯಬೇಕಿತ್ತು. 1916ರಲ್ಲಿ ಏಳು ಜನ ಶಿಕ್ಷಕರು ಮುಂದಾಗಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಶಾಲೆ ತೆರೆಯಿತು, ಹಳ್ಳಿಯ ಹುಡುಗ ಪಟ್ಟಣದಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಮಠಗಳು ಉತ್ತರ ಕೊಟ್ಟವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯವನ್ನು ನಡೆಸಿದರು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು.

ಅಮೆರಿಕೆಯ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1961ರಲ್ಲಿ ಪ್ರಕಟಿಸಿದ ‘ಅಸೈಲಮ್ಸ್’ ಗ್ರಂಥದಲ್ಲಿ ಮಲಗುವುದು, ದುಡಿಯುವುದು, ಆಡುವುದು ಮೂರೂ ಒಂದೇ ಆವರಣದಲ್ಲಿ, ಒಂದೇ ಅಧಿಕಾರದ ಕೆಳಗೆ ನಡೆಯುವ ಸಂಸ್ಥೆಗಳನ್ನು ವಿವೇಚಿಸಿದರು. ಅವರ ಮುಖ್ಯ ಅಧ್ಯಯನ ಮನೋರೋಗಿಗಳ ಆಸ್ಪತ್ರೆಯದು. ಆದರೂ ಸೆರೆಮನೆ, ಸೈನ್ಯದ ಪಾಳೆಯಗಳ ಜೊತೆಗೆ ವಸತಿಶಾಲೆಗಳೂ ಸಂನ್ಯಾಸಿಗಳ ಮಠಗಳೂ ಅವರ ಪಟ್ಟಿಯಲ್ಲಿವೆ! ಓದಿದ ಕೂಡಲೆ ಮುನಿಸಿಕೊಳ್ಳುವುದು ಸಹಜ. ಸೆರೆಮನೆಯೆಲ್ಲಿ, ಪ್ರಸಾದನಿಲಯವೆಲ್ಲಿ? ಆದರೆ ಜೂನ್ ತಿಂಗಳಲ್ಲಿ ತಗಡಿನ ಟ್ರಂಕು ಹೊತ್ತು ಬರುವ ಹತ್ತು ವರ್ಷದ ಹುಡುಗನ ಕಣ್ಣಿನಿಂದ ನೋಡಿದರೆ ಆ ಮಾತನ್ನು ಪೂರ್ತಿ ಅಲ್ಲಗಳೆಯಲಾಗದು. ಆತನ ತಲೆಗೂದಲು ಎಲ್ಲರಂತೆ ಸಣ್ಣದಾಗುತ್ತದೆ, ಬಟ್ಟೆ ಎಲ್ಲರಂತಾಗುತ್ತದೆ, ತಟ್ಟೆಯ ಮೇಲೆ ಒಂದು ಸಂಖ್ಯೆ ಏರುತ್ತದೆ. ಮನೆಯಲ್ಲಿ ‘ಭಾಕರಿ’ ಎಂದವನು ಇಲ್ಲಿ ‘ರೊಟ್ಟಿ’ ಎನ್ನಲು ಕಲಿಯಬೇಕು. ನಿಪ್ಪಾಣಿಯಲ್ಲಿ ತಂಬಾಕಿನ ಕೂಲಿ ಮಾಡುವ ತಾಯಿಯ ಮಗನಿಗೂ, ಕಬ್ಬಿನ ಹಂಗಾಮಿಗೆ ಊರೂರು ಅಲೆಯುವವರ ಮಗನಿಗೂ ನಿಶ್ಚಿತವಾದ ಗಂಟೆ, ನಿಶ್ಚಿತವಾದ ಊಟ, ಓದಲೊಂದು ದೀಪ ದೊರೆಯುವುದು ಭಾಗ್ಯವೇ ಸರಿ. ಅದೇ ಗಂಟೆ ಮತ್ತೊಬ್ಬನನ್ನು ಮೂಕನನ್ನಾಗಿ ಮಾಡಬಲ್ಲುದು.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ? ಹಳೆಯ ಪ್ರಸಾದನಿಲಯಗಳ ರೀತಿಯಲ್ಲಿ ಒಂದು ಸುಳಿವಿದೆ. ಅಲ್ಲಿ ಅನ್ನದ ಮೂಲ ಕಣ್ಣಿಗೆ ಕಾಣುತ್ತಿತ್ತು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ಹೋಗುತ್ತಿದ್ದರು. ಸುಗ್ಗಿಯ ಬಳಿಕ ಭಕ್ತರ ಚಕ್ಕಡಿಗಳಲ್ಲಿ ಜೋಳದ ಚೀಲಗಳು ಬರುತ್ತಿದ್ದವು. ಆ ಚೀಲ ಇಳಿಸಲು ಹೆಗಲು ಕೊಟ್ಟ ಹುಡುಗನಿಗೆ ತಾನು ಉಣ್ಣುವುದು ಯಾರ ಬೆವರು ಎಂದು ಯಾರೂ ಉಪದೇಶಿಸಬೇಕಾಗಿರಲಿಲ್ಲ. ತಾನು ಭಿಕಾರಿಯಲ್ಲ, ಋಣಿ ಎಂಬ ಅರಿವು ಅವನಲ್ಲಿ ಬೆಳೆಯುತ್ತಿತ್ತು. ಇಂದು ದೇಣಿಗೆ ಬ್ಯಾಂಕಿನ ಮೂಲಕ ಬರುತ್ತದೆ, ಧಾನ್ಯ ಲಾರಿಯಲ್ಲಿ ಬರುತ್ತದೆ. ಲೆಕ್ಕ ಚೊಕ್ಕಟವಾಯಿತು, ಸ್ವಾಮಿಗಳ ಕಾಲಿನ ನೋವೂ ತಪ್ಪಿತು. ಆದರೆ ಕೊಟ್ಟವರ ಮುಖ ಹುಡುಗನಿಗೆ ಕಾಣದಾಯಿತು. ಕೃತಜ್ಞತೆಯನ್ನು ಈಗ ಭಾಷಣದಲ್ಲಿ ಕಲಿಸಬೇಕಾಗಿದೆ; ಭಾಷಣದಿಂದ ಅದು ಬಂದದ್ದು ವಿರಳ.

ಪರಿಸರದ ಎರಡನೆಯ ಪಾಠ ಇನ್ನೂ ಗಹನವಾದುದು: ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು? ಈ ಪ್ರಶ್ನೆಗೆ ನೆರೆಯ ಕೊಲ್ಲಾಪುರದ ಉದಾಹರಣೆ ಉಪಯುಕ್ತವಾದುದು. ಶಾಹೂ ಮಹಾರಾಜರು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗನ್ನು ಆರಂಭಿಸಿದರು. ಅವರ ಪ್ರೋತ್ಸಾಹದಿಂದ ಜೈನ, ಮುಸಲ್ಮಾನ, ಲಿಂಗಾಯತ ವಿದ್ಯಾರ್ಥಿಗಳಿಗೂ ವಸತಿಗೃಹಗಳಾದವು. 1908ರಲ್ಲಿ ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆಯಿತು. ಅದುವರೆಗೆ ಓದಿನ ಬಾಗಿಲನ್ನೇ ಕಾಣದವರಿಗೆ ಅವು ಬಾಗಿಲು ತೆರೆದವು. ಆದರೆ ಒಂದೊಂದು ಜನಕ್ಕೆ ಒಂದೊಂದು ಮನೆಯಾದ್ದರಿಂದ ನಡುವೆ ಗೋಡೆಗಳೂ ನಿಂತವು.

ಆ ಗೋಡೆಗೆ ತಲೆ ತಾಕಿದ್ದು 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರಿಗೆ. ಅವರು ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದಾಗ, ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬಾ ಎಂಬ ಅಪ್ಪಣೆಯಾಯಿತು. ಅವರು ಒಪ್ಪಲಿಲ್ಲ, ವಸತಿಗೃಹವನ್ನೇ ಬಿಡಬೇಕಾಯಿತು. ಪುಸ್ತಕದಲ್ಲಿ ಅಹಿಂಸೆ ಓದಿಸುತ್ತಿದ್ದ ಮನೆ ಬಾಗಿಲಲ್ಲಿ ಬೇರೆ ಪಾಠ ಹೇಳಿತು. ಹುಡುಗ ಮಾತ್ರ ಆ ಬಾಗಿಲಿನ ಪಾಠವನ್ನು ತಲೆಕೆಳಗು ಮಾಡಿ ಕಲಿತ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸೂರಿನ ಕೆಳಗೆ ಅಡಿಗೆ ಮಾಡಿ ಒಂದೇ ಸಾಲಿನಲ್ಲಿ ಉಣ್ಣುವ ವಸತಿಗೃಹವನ್ನು ನಡೆಸಿದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದರು. ಇತ್ತ ನಿಪ್ಪಾಣಿಯಲ್ಲಿ 1925ರ ಏಪ್ರಿಲಿನಲ್ಲಿ ನಡೆದ ಬಹಿಷ್ಕೃತ ವರ್ಗಗಳ ಪ್ರಾಂತೀಯ ಪರಿಷತ್ತಿಗೆ ಡಾ. ಅಂಬೇಡ್ಕರರು ಬಂದಿದ್ದರು, ಅದೇ ವರ್ಷದ ಆರಂಭದಲ್ಲಿ ಅವರ ಬಹಿಷ್ಕೃತ ಹಿತಕಾರಿಣಿ ಸಭೆಯು ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದಿತ್ತು. ಓದಿಗಿಂತ ಮೊದಲು ಓದುವವನಿಗೆ ಮಲಗುವ ಜಾಗ ಬೇಕೆಂಬುದನ್ನು ಆ ಕಾಲದ ಎಲ್ಲ ಹಿರಿಯರೂ ಬಲ್ಲವರಾಗಿದ್ದರು.

ಬಸವಣ್ಣನವರ ಹೆಸರು ಹೇಳುವ ನಿಲಯಗಳಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ತುಮಕೂರಿನ ಸಿದ್ಧಗಂಗಾಮಠದಲ್ಲಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದರು. ಅದು ನಾಡಿಗೆಲ್ಲ ಗೊತ್ತು. ಪ್ರವೇಶಪತ್ರದಲ್ಲಿ ಎಲ್ಲರಿಗೂ ಸ್ಥಳವಿದ್ದರೆ ಸಾಲದು. ಬಡಿಸುವ ಪಾಳಿ, ಕಸಗುಡಿಸುವ ಪಾಳಿ, ಪ್ರಾರ್ಥನೆಯಲ್ಲಿ ಮುಂದೆ ನಿಲ್ಲುವ ಪಾಳಿ ಯಾರಿಗೆ ಬರುತ್ತದೆ ಎಂಬುದನ್ನು ಮಕ್ಕಳು ಎಣಿಸುತ್ತಿರುತ್ತಾರೆ. ಶಿಕ್ಷಕರು ಎಣಿಸದಿದ್ದರೂ ಅವರು ಎಣಿಸುತ್ತಾರೆ.

ಶಿಸ್ತಿನ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ‘ನಮ್ಮ ಕಾಲದಲ್ಲಿ ಬೆತ್ತದ ಏಟು ತಿಂದೇ ಮನುಷ್ಯರಾದೆವು’ ಎಂಬ ಹಳೆಯ ವಿದ್ಯಾರ್ಥಿಗಳ ಅಭಿಮಾನದ ನುಡಿ ಸ್ನೇಹಸಮ್ಮೇಲನಗಳಲ್ಲಿ ಕೇಳಿಬರುತ್ತದೆ. ಏಟು ತಿಂದು ಊರಿಗೆ ಓಡಿಹೋದವರು ಆ ಸಮ್ಮೇಲನಕ್ಕೆ ಬರುವುದಿಲ್ಲ ಎಂಬುದನ್ನು ಅಭಿಮಾನಿಗಳು ಮರೆಯುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆ ಬೆತ್ತವನ್ನು ತೆಗೆಯಬಲ್ಲುದು. ರಾತ್ರಿ ಹಾಸಿಗೆ ಒದ್ದೆಯಾದವನನ್ನು ಮರುದಿನ ಸಹಪಾಠಿಗಳ ನಗೆಯಿಂದ ಕಾಪಾಡಲು ಒಬ್ಬ ಮನುಷ್ಯನೇ ಬೇಕು.

ದಾನಿಗಳು ಇಲ್ಲಿ ಯೋಚಿಸಬೇಕಾದ ಸಂಗತಿಯಿದೆ. ಕೋಣೆ ಕಟ್ಟಿಸಿದರೆ ಬಾಗಿಲ ಮೇಲೆ ಹೆಸರಿನ ಕಲ್ಲು ನಿಲ್ಲುತ್ತದೆ. ಎರಡನೆಯ ನಿಲಯಪಾಲಕರ ಸಂಬಳಕ್ಕೆ ಕೊಟ್ಟರೆ ಎಲ್ಲಿಯೂ ಹೆಸರು ಕಾಣದು. ಆದರೆ ಒಬ್ಬರೇ ನಿಲಯಪಾಲಕರು ಉಗ್ರಾಣ, ಹಾಜರಿ, ಅಡಿಗೆಯವರ ಜಗಳ, ಜ್ವರ ಬಂದವರ ಔಷಧ ಇಷ್ಟನ್ನೂ ನೋಡುವಲ್ಲಿ ಮೂಲೆಯಲ್ಲಿ ಮೌನವಾಗಿ ಕುಳಿತ ಹುಡುಗ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ? ಹೊಸದಾಗಿ ಬಂದವನಿಗೆ ಜೂನಿನಿಂದ ನಾಗರಪಂಚಮಿಯವರೆಗಿನ ದಿನಗಳು ಅತ್ಯಂತ ಕಠಿಣ. ಆ ಅವಧಿಗೆ ಪ್ರತಿಯೊಬ್ಬನನ್ನೂ ಮೇಲಿನ ತರಗತಿಯ ಒಬ್ಬ ಹುಡುಗನಿಗೆ ಒಪ್ಪಿಸಿ, ಇಬ್ಬರನ್ನೂ ಆಗಾಗ ಬೇರೆಬೇರೆಯಾಗಿ ಕರೆದು ವಿಚಾರಿಸುವುದು ದುಡ್ಡಿಲ್ಲದೆ ಆಗುವ ಕೆಲಸ. ಪಂಚಮಿಗೆ ಮಕ್ಕಳು ಊರಿಗೆ ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಉಂಡಿಯ ಗಂಟು ಹಿಡಿದು ಬಸ್ಸಿನಿಂದ ಇಳಿದು, ಅದನ್ನು ಪಂಕ್ತಿಯಲ್ಲಿ ಹಂಚುವವನು ನೆಲೆಯೂರಿದನೆಂದೇ ತಿಳಿಯಬಹುದು. ಬಾರದೆ ಉಳಿದವನ ಮನೆಗೆ ಆ ವಾರದೊಳಗೆ ಹೋಗಿ, ತಾಯಿತಂದೆಯರೊಡನೆ ಕುಳಿತು, ಕಾರಣ ಕೇಳಿಕೊಂಡು ಬರುವವರೊಬ್ಬರು ನಿಲಯದಲ್ಲಿರಬೇಕು.