ಎಳನೀರು ಕೊಚ್ಚಿದರೆ ಮಡಚುವ ಚಾಕು ಏಕೆ ಸಡಿಲವಾಗುತ್ತದೆ?

ಪ್ರಶ್ನೆ: ಉತ್ತರ ಭಾರತದ ಯಾತ್ರೆಗೆ ಹೋಗಿದ್ದ ನಮ್ಮ ಭಾವ ರಾಂಪುರಿ ಮಾದರಿಯ ದೊಡ್ಡ ಮಡಚುವ ಚಾಕು ತಂದುಕೊಟ್ಟರು. ಬಿಚ್ಚಿದರೆ ತುದಿಯಿಂದ ತುದಿಗೆ 16 ಇಂಚು. ಹಿತ್ತಾಳೆ ಹಿಡಿ, ನೋಡಲು ಬಲು ಚೆಂದ. ತೋಟದಲ್ಲಿ ಎಳನೀರು ಕೊಚ್ಚಲು ಶುರು ಮಾಡಿದ ಮೇಲೆ ಅಲಗು ಅಲ್ಲಾಡತೊಡಗಿದೆ. ನಮ್ಮೂರ ಆಚಾರರು ಲಾರಿ ಪಟ್ಟೆಯಲ್ಲಿ ಮಾಡಿಕೊಟ್ಟ ಮಚ್ಚಿಗೆ ಇಷ್ಟು ವರ್ಷವಾದರೂ ಏನೂ ಆಗಿಲ್ಲ. ಚಾಕುವಿನ ಉಕ್ಕು ಕಳಪೆಯೇ? 9 ಇಂಚು ಮೀರಿದ ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. ನಿಜವೇ?
— ಕೆ.ಆರ್. ಪೇಟೆ ತಾಲ್ಲೂಕಿನ ಓದುಗರು

ಉತ್ತರ: ಇಂಥ ಚಾಕು ಕೈಗೆ ಬಂದವರೆಲ್ಲ ಮೊದಲು ಮೆಚ್ಚುವುದು ಅದರ ಗಾತ್ರವನ್ನು, ಆಮೇಲೆ ದೂರುವುದು ಅದರ ಸಡಿಲವನ್ನು. ನಿಮ್ಮ ಸಂದೇಹ ಎರಡು. ಅಲ್ಲಾಟಕ್ಕೆ ಉಕ್ಕು ಕಾರಣವೇ ಎಂಬುದು ಒಂದು, ಕಾನೂನಿನ ಅಳತೆ ಏನು ಎಂಬುದು ಇನ್ನೊಂದು.

ಉಕ್ಕಿನ ಮೇಲೆ ಅನುಮಾನ ಪಡುವ ಮೊದಲು ಅಲಗಿನ ಬಾಯಿ ನೋಡಿ. ಹಲ್ಲು ಬಿದ್ದಿದೆಯೇ, ಇಲ್ಲವೇ ಅಂಚು ಒಂದು ಮಗ್ಗುಲಿಗೆ ಮಡಚಿಕೊಂಡಿದೆಯೇ? ಹಲ್ಲು ಬಿದ್ದಿದ್ದರೆ ಹದ ಹೆಚ್ಚು ಗಡುಸಾಗಿದೆ, ಮಡಚಿದ್ದರೆ ಮೆತ್ತಗಾಗಿದೆ ಎಂದರ್ಥ. ಎರಡೂ ಇಲ್ಲದಿದ್ದರೆ ಉಕ್ಕಿನ ತಪ್ಪು ಏನೂ ಇಲ್ಲ. ಅಲ್ಲಾಡುತ್ತಿರುವುದು ಉಕ್ಕಲ್ಲ, ಅಲಗು ಮತ್ತು ಹಿಡಿ ಕೂಡುವ ಜಾಗದ ರಿವೆಟ್ಟು. ಮನೆಯ ಅಡಕತ್ತರಿ ಹಳೆಯದಾದಾಗ ಅಡಿಕೆ ಕತ್ತರಿಸದೆ ಪಕ್ಕಕ್ಕೆ ಜಾರುವುದೂ ಇದೇ ಕಾರಣಕ್ಕೆ. ಅದರ ಬಾಯಿ ಚೂಪಾಗಿಯೇ ಇರುತ್ತದೆ, ಕೀಲು ಮಾತ್ರ ಸವೆದಿರುತ್ತದೆ.

ಈಗ ಮಚ್ಚಿನ ವಿಷಯ. ಶ್ರೀರಂಗಪಟ್ಟಣದ ಬಳಿ ಮೈಸೂರು ರಸ್ತೆಯಲ್ಲಿ ಎಳನೀರು ಮಾರುವವರ ಕೈಯನ್ನು ಒಮ್ಮೆ ಗಮನಿಸಿ. ಮಚ್ಚನ್ನು ಅವರು ಬಲವಾಗಿ ಬೀಸುವುದೇ ಇಲ್ಲ. ಮೊಣಕೈಯಿಂದ ಸ್ವಲ್ಪ ಎತ್ತಿ ಬಿಡುತ್ತಾರೆ, ಉಳಿದ ಕೆಲಸ ಅಲಗಿನ ಭಾರದ್ದು. ಓರೆಯಾಗಿ ಮೂರು ನಾಲ್ಕು ಪೆಟ್ಟು ಬಿದ್ದರೆ ಸಿಪ್ಪೆ ಹಾರಿ ಬಿಳಿ ತಿರುಳು ಕಾಣುತ್ತದೆ. ಮಚ್ಚಿನ ಅಲಗೂ ಹಿಡಿಯೊಳಗೆ ಹೋಗುವ ಕಬ್ಬಿಣವೂ ಒಂದೇ ತುಂಡು. ಆದ್ದರಿಂದ ಪೆಟ್ಟಿನ ಒದೆ ನೇರ ಅಂಗೈಗೆ ಬರುತ್ತದೆ, ನಡುವೆ ಸಡಿಲವಾಗಲು ಏನೂ ಇರುವುದಿಲ್ಲ. ಅದರ ಮೇಲೆ ಲಾರಿ ಪಟ್ಟೆ ಎಂದರೆ ಬಾಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಉಕ್ಕು. ಕುಲುಮೆಯವರು ಅದನ್ನು ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ.

ಮಡಚುವ ಚಾಕುವಿನಲ್ಲಿ ಲೆಕ್ಕ ಬೇರೆ. ರಿವೆಟ್ಟಿನಿಂದ 6 ಇಂಚು ದೂರದಲ್ಲಿ ಅಲಗು ಕಾಯಿಗೆ ತಾಗಿತು ಎಂದುಕೊಳ್ಳಿ. ಆ ಒದೆಯನ್ನು ತಡೆಯುವ ಲಾಕು ರಿವೆಟ್ಟಿನಿಂದ ಅರ್ಧ ಇಂಚು ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಒತ್ತಡ ಹನ್ನೆರಡು ಪಟ್ಟು. ಅಲಗು ಉದ್ದವಾದಷ್ಟೂ ಈ ಪಟ್ಟು ಏರುತ್ತದೆ. ಹಾಗಾಗಿ ದೊಡ್ಡ ಚಾಕು ಚಿಕ್ಕ ಚಾಕುವಿಗಿಂತ ಕೊಚ್ಚುವುದಕ್ಕೆ ಮೇಲು ಎಂದು ಭಾವಿಸುವುದು ಸಹಜವಾದರೂ ಕೀಲಿನ ಮಟ್ಟಿಗೆ ಮಾತು ತಿರುಗಾಮುರುಗಾ.

ಪೆಟ್ಟಿಗಿಂತ ಹೆಚ್ಚು ಕೆಡುಕು ಅದರ ನಂತರ ನಾವು ಮಾಡುವ ಕೆಲಸದಲ್ಲಿದೆ. ಕೊಚ್ಚುವಾಗ ಅಲಗು ತೆರೆಯುವ ದಿಕ್ಕಿಗೇ ಒತ್ತಿಕೊಳ್ಳುತ್ತದೆ, ಬೆರಳಿಗೆ ಭಯವಿಲ್ಲ. ಆದರೆ ಅಲಗು ಮಟ್ಟೆಯಲ್ಲಿ ಸಿಕ್ಕಿಕೊಂಡಾಗ ಹಿಡಿಯನ್ನು ಅತ್ತಿತ್ತ ಅಲ್ಲಾಡಿಸಿ ಕೀಳುತ್ತೇವಲ್ಲ, ಆಗ ರಿವೆಟ್ಟಿನ ತೂತು ಅಗಲವಾಗುತ್ತದೆ. ಹಿಡಿಯನ್ನು ಕೆಳಕ್ಕೆ ಅದುಮಿ ಕಿತ್ತರಂತೂ ಬಲವೆಲ್ಲ ಮಡಚುವ ದಿಕ್ಕಿಗೆ ಬೀಳುತ್ತದೆ. ಲಾಕು ಜಾರಿದರೆ ಅಲಗು ಬಂದು ಕೂರುವುದು ನಿಮ್ಮ ಬೆರಳಿನ ಮೇಲೆ. ದಯವಿಟ್ಟು ಎಳನೀರಿನ ಕೆಲಸಕ್ಕೆ ಇದನ್ನು ಇವತ್ತಿಗೇ ನಿಲ್ಲಿಸಿ.

ಹಾಗಾದರೆ ಜನ ಇದನ್ನು ಮೆಚ್ಚಿ ಇಟ್ಟುಕೊಳ್ಳುವುದು ಯಾಕೆ? ಕೊಯ್ಯುವ ಕೆಲಸಕ್ಕೆ. ಗೊಬ್ಬರದ ಚೀಲದ ಬಾಯಿ, ಹಗ್ಗ, ಬಾಳೆ ಎಲೆ, ಕಬ್ಬಿನ ಸಿಪ್ಪೆ, ಕಲ್ಲಂಗಡಿ, ಇವಕ್ಕೆ ಉದ್ದನೆಯ ತೆಳು ಅಲಗು ಮಚ್ಚಿಗಿಂತ ಎಷ್ಟೋ ಹಿತ. ಮೊನೆಯಿಂದ ಬುಡದವರೆಗೆ ಒಂದೇ ಎಳೆತದಲ್ಲಿ ಕಲ್ಲಂಗಡಿ ಎರಡು ಹೋಳಾಗುವುದನ್ನು ನೋಡಿದವರಿಗೆ ಚಾಕು ಕೊಟ್ಟುಬಿಡಲು ಮನಸ್ಸು ಬರುವುದಿಲ್ಲ. ಗೊಣಗಾಟವೂ ಉಂಟು. ಅಂಗಿ ಜೇಬು ಜೋಲುತ್ತದೆ, ಪಂಚೆ ಉಟ್ಟವರಿಗೆ ಇಡಲು ಜಾಗವೇ ಇಲ್ಲ, ಹೊಸದರಲ್ಲಿ ಬಿಚ್ಚಲು ಎರಡು ಕೈ ಬೇಕು, ಬೆವರಿದ ಕೈಗೆ ಹಿತ್ತಾಳೆ ವಾಸನೆ ಅಂಟುತ್ತದೆ. ಕಿಲುಬಿಗೆ ಹುಣಸೆಹಣ್ಣು ಸಾಕು. ಎರಕದ ಕೆಲಸಕ್ಕೆ ಹೆಸರಾದ ನಾಗಮಂಗಲ ನಿಮ್ಮ ಪಕ್ಕದಲ್ಲೇ ಇರುವಾಗ ಹಿತ್ತಾಳೆ ಬೆಳಗುವುದನ್ನು ನಾನು ಹೇಳಿಕೊಡಬೇಕಿಲ್ಲ.

ನಮ್ಮ ಕಡೆಯ ಹಳೆಯ ಕತ್ತಿಗಳಲ್ಲಿ ಮಡಚುವಂಥವು ಕಾಣಸಿಗುವುದೇ ಕಡಿಮೆ. ಮಚ್ಚು, ಕುಡುಗೋಲು, ಕೊಡಗಿನವರ ಪೀಚೆಕತ್ತಿ ಯಾವುದೂ ಮಡಚುವುದಿಲ್ಲ. ಮರ ಹತ್ತುವವರು ಮಚ್ಚನ್ನು ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ, ಜೇಬಿನ ಮಾತೇ ಬರುವುದಿಲ್ಲ. ಮಡಚುವ ದೊಡ್ಡ ಚಾಕುವಿಗೆ ದೇಶದಲ್ಲಿ ಹೆಸರಾದದ್ದು ಉತ್ತರ ಪ್ರದೇಶದ ರಾಂಪುರ. ಹಿಂದಿ ಸಿನಿಮಾದ ಕೇಡಿಗಳು ಅದಕ್ಕೆ ಬೇಡದ ಕೀರ್ತಿಯನ್ನೂ ತಂದುಕೊಟ್ಟರು. ನಮ್ಮವರು ಬಟನ್ ಚಾಕು ಎಂದು ಕರೆಯುವುದೂ ಇದೇ ಜಾತಿಯದನ್ನೇ. ಅಲ್ಲಿನ ಸರ್ಕಾರ ಅಲಗು 4.5 ಇಂಚು ಮೀರಬಾರದೆಂದು ತಡೆ ಹಾಕಿದ ಮೇಲೆ ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ಒಂದು ವೃತ್ತದಲ್ಲಿ ಸುಮಾರು 20 ಅಡಿಯ ಚಾಕು ನಿಲ್ಲಿಸಿ ಹಳೆಯ ಹೆಸರನ್ನು ನೆನೆದರು. ಅಳತೆಗೆ ಹೆದರಿದ ಊರು ಅಳತೆಯಲ್ಲೇ ಸೇಡು ತೀರಿಸಿಕೊಂಡಂತಿದೆ.

ಹೊರದೇಶದಲ್ಲೂ ಈ ಬಗೆ ಇದೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಶುರುವಾದ ಒಪಿನೆಲ್ ಚಾಕುವಿನ 13ನೇ ನಂಬರಿನದಕ್ಕೆ 22 ಸೆಂಟಿಮೀಟರ್ ಅಲಗು. ಅಲಗು ತಾನಾಗಿ ಮಡಚದಂತೆ ಅವರು 1955ರಲ್ಲಿ ಕತ್ತಿನ ಹತ್ತಿರ ತಿರುಗಿಸುವ ಉಕ್ಕಿನ ಬಳೆ ಸೇರಿಸಿದರು. ಹಾಗೆ ಬಳೆ ಹಾಕಿದ ಚಾಕುವೂ ಕೊಯ್ಯಲಿಕ್ಕೇ ಹೊರತು ಕೊಚ್ಚಲಿಕ್ಕಲ್ಲ.

ಕಾನೂನಿಗೆ ಬರೋಣ. ಗೊಂದಲ ಹುಟ್ಟುವುದು ಅಳತೆಯಲ್ಲಿ. ನಿಮ್ಮ 16 ಇಂಚು ಹಿಡಿಯೂ ಸೇರಿದ ಉದ್ದ. 1959ರ ಆಯುಧ ಕಾಯ್ದೆಯಡಿ ಬಂದಿರುವ 2016ರ ನಿಯಮಗಳು ಹೇಳುವುದು ಅಲಗಿನ ಅಳತೆಯನ್ನು: ಉದ್ದ 9 ಇಂಚು ಅಥವಾ ಅಗಲ 2 ಇಂಚು ಮೀರಿದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮಡಚಿದಾಗ ಅಲಗು ಹಿಡಿಯೊಳಗೇ ಅಡಗಬೇಕಾದ್ದರಿಂದ ಅದು ಹಿಡಿಗಿಂತ ಉದ್ದ ಇರಲಾರದು. ಒಟ್ಟು 16 ಇಂಚಾದರೆ ಅಲಗು 8 ಇಂಚಿಗಿಂತ ಕಡಿಮೆಯೇ. ಮನೆಯಲ್ಲಿ ಸ್ಕೇಲು ಹಿಡಿದು ತೋರಿಸಿ. ಮಚ್ಚು 2 ಇಂಚಿಗಿಂತ ಅಗಲವಿರುತ್ತದಲ್ಲ, ಅದು ಹೇಗೆ ತಪ್ಪಿಸಿಕೊಂಡಿತು ಎಂದು ಕೇಳುತ್ತೀರಿ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದ ಸಾಧನಗಳನ್ನು ಅದೇ ನಿಯಮ ಹೊರಗಿಟ್ಟಿದೆ.

ಅಳತೆ ಒಳಗಿದೆ ಎಂದು ಹೇಮಗಿರಿ ಜಾತ್ರೆಗೋ ಪಾಂಡವಪುರದ ಬಸ್‌ಸ್ಟ್ಯಾಂಡಿಗೋ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬೇಡಿ. ಯಾರನ್ನಾದರೂ ಹೆದರಿಸಲು ತೆಗೆದರೆ ನಾಲ್ಕು ಇಂಚಿನದೂ ಅಪರಾಧವೇ. ಚುನಾವಣೆ ಕಾಲದಲ್ಲಿ ನಿಷೇಧಾಜ್ಞೆ ಇದ್ದರಂತೂ ಕೇಳುವವರ ಮುಂದೆ ಸ್ಕೇಲಿನ ವಾದ ನಡೆಯದು. ವಿಮಾನದ ಕೈಚೀಲದಲ್ಲಿ ಇಂಥದ್ದನ್ನು ಒಯ್ಯಲು ಬಿಡುವುದಿಲ್ಲ ಎಂಬುದನ್ನು ನಿಮ್ಮ ಭಾವನವರಿಗೂ ತಿಳಿಸಿ.

ಕೊನೆಗೆ ರಿಪೇರಿ. ಚಾಕು ಬಿಚ್ಚಿ, ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಅಲ್ಲಾಡಿದರೆ ರಿವೆಟ್ಟು ಸಡಿಲ. ಮಚ್ಚು ಮಾಡಿಕೊಟ್ಟ ಆಚಾರರೇ ಅಡಿಗಲ್ಲಿನ ಮೇಲಿಟ್ಟು ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಬಿಗಿ ಮಾಡಿಕೊಡುತ್ತಾರೆ. ಹೆಚ್ಚು ತಟ್ಟಿದರೆ ಅಲಗು ಬಿಚ್ಚಲಿಕ್ಕೇ ಬರುವುದಿಲ್ಲ, ಆದ್ದರಿಂದ ಒಂದೆರಡು ಪೆಟ್ಟಿಗೊಮ್ಮೆ ಬಿಚ್ಚಿ ಮಡಚಿ ನೋಡಲು ಹೇಳಿ. ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಸವೆದಿರುವುದು ಲಾಕು. ಅದನ್ನು ತಟ್ಟಿ ಸರಿಮಾಡಲಾಗದು, ಅಂಥ ಚಾಕುವನ್ನು ನೋಟಕ್ಕೆಂದು ಎತ್ತಿಟ್ಟುಬಿಡಿ. ಕಬ್ಬಿನ ಹಾಲು, ಹಲಸಿನ ಅಂಟು ಕೀಲಿಗೆ ಹೋಗಿ ಒಣಗಿದರೂ ಅಲಗು ಬಿಗಿಯುತ್ತದೆ. ಕಬ್ಬಿನ ಹಾಲಾದರೆ ಬಿಸಿನೀರು ಸಾಕು, ಅಂಟನ್ನು ಮೊದಲು ಎಣ್ಣೆ ಸವರಿ ಬಿಡಿಸಬೇಕು. ಪೂರ್ತಿ ಒಣಗಿಸಿದ ಮೇಲೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ಕೊಬ್ಬರಿ ಎಣ್ಣೆ ಬೇಡ, ನಾಳೆ ಅದೇ ಜಿಡ್ಡುಗಟ್ಟುತ್ತದೆ.