ಅಣುಜೀವಿಗಳು ಸಾರಜನಕವನ್ನು ಅಳೆಯುವ ಬಗೆ

ವಾಯುಮಂಡಲದ ಶೇಕಡ 78ರಷ್ಟು ಭಾಗ ಸಾರಜನಕವೇ ಆಗಿದ್ದರೂ ಬೆಳೆಗಳು ಅದನ್ನು ನೇರವಾಗಿ ಬಳಸಿಕೊಳ್ಳಲಾರವು. ಈ ಅನಿಲವನ್ನು ಅಮೋನಿಯಾ ಆಗಿ ಮಾರ್ಪಡಿಸುವ ಸಾಮರ್ಥ್ಯ ಕೆಲವು ಅಣುಜೀವಿಗಳಿಗೆ ಮಾತ್ರ ಇದೆ. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಅಜೊಟೊಬ್ಯಾಕ್ಟರ್, ಜೋಳ, ರಾಗಿ ಮೊದಲಾದ ಬೆಳೆಗಳ ಬೇರನ್ನು ಆಶ್ರಯಿಸುವ ಅಜೋಸ್ಪಿರಿಲಮ್, ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಮ್ ಇವುಗಳನ್ನು ಜೈವಿಕ ಗೊಬ್ಬರವಾಗಿ ಬಳಸಲಾಗುತ್ತಿದೆ. ಬಳಸಿಯೂ ಫಲ ಕಾಣಲಿಲ್ಲವೆಂಬ ದೂರು ಕೇಳಿಬರುವುದುಂಟು. ಹಳೆಯ ಪೊಟ್ಟಣ, ಒಣಗಿದ ಮಣ್ಣು, ಬಿಸಿಲು ಮುಂತಾದ ಕಾರಣಗಳು ಎಲ್ಲರಿಗೂ ತಿಳಿದವೇ. ಇನ್ನೊಂದು ಕಾರಣ ಅಣುಜೀವಿಯ ಒಳಗೇ ಅಡಗಿದೆ.

ಸಾರಜನಕದ ಸ್ಥಿರೀಕರಣ ಬಹಳ ದುಬಾರಿಯಾದ ಕಾರ್ಯ. ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ನೈಟ್ರೋಜಿನೇಸ್ ಎಂಬ ಕಿಣ್ವವು ಕನಿಷ್ಠ 16 ಎಟಿಪಿ ಅಣುಗಳನ್ನು, ಅಂದರೆ ಜೀವಕೋಶ ಕೂಡಿಟ್ಟ ಶಕ್ತಿಯ ದೊಡ್ಡ ಪಾಲನ್ನು, ವ್ಯಯಿಸಬೇಕಾಗುತ್ತದೆ. ಸಿದ್ಧ ಅಮೋನಿಯಾ ಸುತ್ತಲೂ ದೊರೆಯುತ್ತಿರುವಾಗ ಇಂತಹ ವೆಚ್ಚಕ್ಕೆ ಯಾವ ಜೀವಿಯೂ ಕೈಹಾಕುವುದಿಲ್ಲ.

ಹಾಗಾದರೆ ಕಣ್ಣು, ನಾಲಗೆಗಳಿಲ್ಲದ ಏಕಕೋಶ ಜೀವಿಗೆ ಕೊರತೆಯೋ ಸಮೃದ್ಧಿಯೋ ತಿಳಿಯುವುದು ಹೇಗೆ? ಬ್ಯಾಕ್ಟೀರಿಯಾಗಳ ಒಳಸೇರಿದ ಅಮೋನಿಯಾ ಮೊದಲು ಗ್ಲುಟಮಿನ್ ಎಂಬ ಅಮೈನೋ ಆಮ್ಲವಾಗುತ್ತದೆ. ಗ್ಲುಟಮಿನ್ ತಗ್ಗಿದರೆ ಸಾರಜನಕದ ಕೊರತೆ, ಏರಿದರೆ ಸಮೃದ್ಧಿ. ಈ ಏರಿಳಿತವನ್ನು ಗಮನಿಸುವ ಕಿಣ್ವವೊಂದು, ಕೊರತೆಯ ಕಾಲದಲ್ಲಿ 'ಪಿ-ಎರಡು' ಎಂಬ ಪ್ರೋಟೀನಿಗೆ ಒಂದು ರಾಸಾಯನಿಕ ಗುರುತನ್ನು ಅಂಟಿಸುತ್ತದೆ. ಸಮೃದ್ಧಿ ಮರಳಿದಾಗ ಅದೇ ಕಿಣ್ವವೇ ಆ ಗುರುತನ್ನು ಕಿತ್ತುಹಾಕುತ್ತದೆ. ಅಮೆರಿಕದಲ್ಲಿ ಅರ್ಲ್ ಸ್ಟಾಡ್ಟ್‌ಮನ್ ಅವರ ಪ್ರಯೋಗಾಲಯದವರು 1960ರ ದಶಕದ ಕೊನೆಯ ಭಾಗದಲ್ಲಿ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯಲ್ಲಿ ಈ ಪ್ರೋಟೀನನ್ನು ಗುರುತಿಸಿದರು. ಇದರ ಬಂಧುಗಳು ಸಸ್ಯಗಳಲ್ಲಿಯೂ ಇವೆ ಎಂಬುದು ಬಳಿಕ ತಿಳಿದುಬಂದಿತು.

ಗುರುತು ಇದ್ದರೆ ಒಂದು ಸಂದೇಶ, ಇಲ್ಲದಿದ್ದರೆ ಮತ್ತೊಂದು. ಅಜೊಟೊಬ್ಯಾಕ್ಟರಿನಲ್ಲಿ ಗುರುತಿಲ್ಲದ ಇದೇ ಬಗೆಯ ಪ್ರೋಟೀನು 'ನಿಫ್-ಎಲ್' ಎಂಬುದನ್ನು ಪ್ರಚೋದಿಸುತ್ತದೆ. ನಿಫ್-ಎಲ್, ನೈಟ್ರೋಜಿನೇಸಿನ ವಂಶವಾಹಿಗಳನ್ನು ಚಾಲನೆಗೊಳಿಸುವ 'ನಿಫ್-ಎ' ಪ್ರೋಟೀನನ್ನು ತಡೆಹಿಡಿಯುತ್ತದೆ. ಹೊಸ ಕಿಣ್ವದ ತಯಾರಿ ನಿಲ್ಲುತ್ತದೆ. ಅಜೋಸ್ಪಿರಿಲಮ್ ಇನ್ನೂ ಅವಸರದ ಜೀವಿ. ಅಮೋನಿಯಾ ಸೋಕಿದ ಕೆಲವೇ ನಿಮಿಷಗಳಲ್ಲಿ ಅದು ಇರುವ ಕಿಣ್ವಕ್ಕೇ ಬೀಗ ಹಾಕುತ್ತದೆ. ಅಮೋನಿಯಾ ಮುಗಿದೊಡನೆ ಬೀಗ ತೆರೆಯುತ್ತದೆ. ಆದುದರಿಂದ ಈ ಗೊಬ್ಬರಗಳೊಡನೆ ಶೇಕಡ 46ರಷ್ಟು ಸಾರಜನಕವುಳ್ಳ ಯೂರಿಯಾವನ್ನು ಧಾರಾಳವಾಗಿ ಸುರಿದಲ್ಲಿ ಅಣುಜೀವಿಗಳು ಸತ್ತಿಲ್ಲದಿದ್ದರೂ ಕೆಲಸ ಮಾಡುವುದಿಲ್ಲ.

ನಿಫ್-ಎಲ್ ಅನ್ನು ತೆಗೆದುಹಾಕಿದ ಅಜೊಟೊಬ್ಯಾಕ್ಟರ್ ತಳಿಗಳು ಅಮೋನಿಯಾ ಇದ್ದರೂ ದುಡಿಯುತ್ತವೆ, ಹೆಚ್ಚಾದುದನ್ನು ಹೊರಚೆಲ್ಲುತ್ತವೆ. ಆದರೆ ತಮ್ಮ ಶಕ್ತಿಯನ್ನು ಹೀಗೆ ದಾನಮಾಡುವ ತಳಿ ಹೊಲದಲ್ಲಿ ಇತರ ಅಣುಜೀವಿಗಳೊಡನೆ ಸ್ಪರ್ಧಿಸಿ ಉಳಿಯುವುದು ಸುಲಭವಲ್ಲ.

ರೈಜೋಬಿಯಮಿನ ರೀತಿ ಬೇರೆ. ಬೇರುಗಂಟಿನೊಳಗೆ ಅದು ತಯಾರಿಸಿದ ಅಮೋನಿಯಾದ ಬಹುಪಾಲು ಸಸ್ಯಕ್ಕೆ ಸಲ್ಲುವುದರಿಂದ ಕಡಿವಾಣ ಸಸ್ಯದ ಕೈಯಲ್ಲಿದೆ. ಮಣ್ಣಿನಲ್ಲಿ ನೈಟ್ರೇಟು ಹೆಚ್ಚಾದರೆ ಸಸ್ಯವು ಗಂಟುಗಳನ್ನೇ ಮಿತಗೊಳಿಸುತ್ತದೆ. ತೊಗರಿ, ಕಡಲೆಗಳಿಗೆ ಬಿತ್ತನೆಯ ವೇಳೆ ಹೆಕ್ಟೇರಿಗೆ ಸಾಮಾನ್ಯವಾಗಿ ಸುಮಾರು 20 ಕಿ.ಗ್ರಾಂ ಸಾರಜನಕವನ್ನಷ್ಟೇ ಶಿಫಾರಸು ಮಾಡುವುದು ಈ ಕಾರಣದಿಂದ. ಗಂಟುಗಳು ಮೂಡುವವರೆಗೆ ಎಳೆಯ ಸಸಿಗೆ ಅಷ್ಟು ಸಾಕು. ಹೂಬಿಡುವ ಮುನ್ನ ಒಂದು ಗಿಡವನ್ನು ಮಣ್ಣುಸಹಿತ ಅಗೆದು ಗಂಟನ್ನು ಸೀಳಿದಾಗ ಒಳಭಾಗ ನಸುಗೆಂಪಾಗಿದ್ದರೆ ಸ್ಥಿರೀಕರಣ ನಡೆಯುತ್ತಿದೆಯೆಂದೂ, ಬಿಳಿ ಅಥವಾ ಹಸಿರು ಬಣ್ಣವಿದ್ದರೆ ನಡೆಯುತ್ತಿಲ್ಲವೆಂದೂ ತಿಳಿಯಬಹುದು.