ಗಿಣ್ಣಿಗೆ ಪಟ್ಟಿ ಹಚ್ಚುವ ಮುನ್ನ

ತಮ್ಮಾ, ಹೊನಲು ಬೆಳಕಿನ ಕಬಡ್ಡಿ ನಡೆಯುವ ಊರಿಗೆ ಹೋದರೆ ಈಗ ಎಷ್ಟೋ ಹುಡುಗರ ಮಂಡಿ, ಮೀನಖಂಡ, ಪಾದದ ಗಿಣ್ಣಿನ ಮೇಲೆ ನೀಲಿ, ಕಪ್ಪು, ಗುಲಾಬಿ ಪಟ್ಟಿಗಳು ಕಾಣುತ್ತವೆ. ನೀನೂ ಒಂದು ಸುರುಳಿ ತರಿಸಿಕೊಂಡಿದ್ದೀಯ ಅಂತ ಕೇಳಿದೆ. ಬೇಡ ಅನ್ನುವುದಿಲ್ಲ. ಆದರೆ ಹೋದ ಸೀಸನ್ನಿನಲ್ಲಿ ಉಳುಕಿದ ಕಾಲು ಅದು. ಆ ಪಟ್ಟಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ತಿಳಿದುಕೊಂಡು ಹಚ್ಚಿಕೊ.

ಈ ಹಿಗ್ಗುವ ಟೇಪನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೋ ಕಾಸೆ. ಹತ್ತಿಯ ನೂಲಿನ ಬಟ್ಟೆ, ಅದಕ್ಕೆ ಬಿಸಿಗೆ ಹಿಡಿಯುವ ಅಂಟು; ಉದ್ದಕ್ಕೆ ಚೆನ್ನಾಗಿ ಹಿಗ್ಗುತ್ತದೆ, ಚರ್ಮದ ಜೊತೆಗೇ ಅಲುಗುತ್ತದೆ. ಜಗತ್ತಿನ ಕಣ್ಣಿಗೆ ಬಿದ್ದದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಟೇಪ್ ತಯಾರಿಸುವ ಕಂಪನಿ 58 ದೇಶಗಳ ತಂಡಗಳಿಗೆ ಪುಕ್ಕಟೆ ಟೇಪ್ ಹಂಚಿತ್ತು. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರ್ರಿ ವಾಲ್ಷ್ ಭುಜಕ್ಕೆ ಕಪ್ಪು ಪಟ್ಟಿ ಹಚ್ಚಿಕೊಂಡು ಆಡಿ ಚಿನ್ನ ಗೆದ್ದರು. ಅಲ್ಲಿಂದ ಅದು ಎಲ್ಲ ಆಟದ ಮೈದಾನಗಳಿಗೂ ಇಳಿಯಿತು. ಚಿನ್ನ ಬಂದದ್ದು ವರ್ಷಗಟ್ಟಲೆ ಮಾಡಿದ ತಾಲೀಮಿನಿಂದ, ನೋಡುವವರ ಕಣ್ಣಿಗೆ ಕಂಡದ್ದು ಮಾತ್ರ ಪಟ್ಟಿ.

ಈಗ ನಿನ್ನ ಗಿಣ್ಣಿನ ಮಾತಿಗೆ ಬರೋಣ. ಬೋನಸ್ ಗೆರೆ ಮುಟ್ಟಿ ಹಿಂದಿರುಗುವಾಗ, ಇಲ್ಲವೇ ಕ್ಯಾಚರ್‌ಗಳ ಮಧ್ಯದಿಂದ ಹಾರಿ ನೆಲಕ್ಕೆ ಬೀಳುವಾಗ, ಪಾದ ಒಳಮುಖವಾಗಿ ಮಗುಚುತ್ತದೆ. ಹೊರಬದಿಯ ಲಿಗಮೆಂಟು, ಅದರಲ್ಲೂ ಮುಂಭಾಗದ್ದು, ಜಗ್ಗುತ್ತದೆ ಅಥವಾ ಹರಿಯುತ್ತದೆ. ಇದೆಲ್ಲ ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ. ಸ್ನಾಯುಗಳು ಎಚ್ಚೆತ್ತು ಪಾದವನ್ನು ಹಿಡಿದುಕೊಳ್ಳುವಷ್ಟು ಸಮಯವೂ ಸಿಗದಷ್ಟು ಬೇಗ. ಆ ಲಿಗಮೆಂಟಿನೊಳಗೆ, ಸುತ್ತಲಿನ ಸ್ನಾಯುಗಳಲ್ಲಿ, ಪಾದ ಈಗ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರದ ತುದಿಗಳಿವೆ. ಉಳುಕಿದಾಗ ಅವಕ್ಕೂ ಪೆಟ್ಟು. ನೋವು, ಊತ ಹೋದಮೇಲೂ ಆ ಸುದ್ದಿ ತಡವಾಗಿ ಮುಟ್ಟುತ್ತಿರುತ್ತದೆ. ಒಮ್ಮೆ ಉಳುಕಿದ ಗಿಣ್ಣು ಪದೇಪದೇ ಉಳುಕುವುದಕ್ಕೆ ಇದೊಂದು ದೊಡ್ಡ ಕಾರಣ.

ಹಿಗ್ಗುವ ಟೇಪಿಗೆ ಪಾದ ಮಗುಚುವುದನ್ನು ತಡೆಯುವ ತಾಕತ್ತಿಲ್ಲ. ನಿನ್ನ ಮೈಭಾರ ಬಿದ್ದರೆ ಅದು ಸುಮ್ಮನೆ ಹಿಗ್ಗುತ್ತದೆ, ಅದರ ಗುಣವೇ ಅದು. ಅದು ಚರ್ಮವನ್ನು ಮೆಲ್ಲಗೆ ಎಳೆಯುತ್ತಾ ಇರುವುದರಿಂದ, ಪಕ್ಕದಲ್ಲಿರುವ ಹಿರಿಯರು ಆಗಾಗ ಭುಜ ಮುಟ್ಟಿ ಎಚ್ಚರಿಸಿದ ಹಾಗೆ, ಅಲ್ಲೊಂದು ಕೀಲಿದೆ ಎಂಬ ಗಮನ ಉಳಿಯಬಹುದು. ನೋವು ಕೊಂಚ ತಗ್ಗಬಹುದು, ಧೈರ್ಯವೂ ಬರಬಹುದು. ಸಮತೋಲನದ ವಿಷಯದಲ್ಲಿ ಇದುವರೆಗಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವುಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ, ಇನ್ನು ಕೆಲವುಗಳಲ್ಲಿ ಎಳೆಯದೆ ಸುಮ್ಮನೆ ಅಂಟಿಸಿದ ಪಟ್ಟಿಗೂ ಇದಕ್ಕೂ ವ್ಯತ್ಯಾಸವೇ ಕಂಡಿಲ್ಲ. ಗಟ್ಟಿ ಕಾಲಿನವರಿಗೆ ಬಲ ಹೆಚ್ಚಿಸುತ್ತದೆ ಎಂಬ ಮಾತನ್ನಂತೂ ನಂಬಬೇಡ.

ಕೀಲನ್ನು ನಿಜವಾಗಿ ಹಿಡಿದಿಡುವುದು ಬೇರೆ: ಹಿಗ್ಗದ ಬಿಳಿ ಜಿಂಕ್ ಆಕ್ಸೈಡ್ ಟೇಪು, ಇಲ್ಲವೇ ಲೇಸು ಕಟ್ಟುವ ಆ್ಯಂಕಲ್ ಬ್ರೇಸು. ಹಿಂದೆ ಉಳುಕಿದವರಲ್ಲಿ ಮತ್ತೆ ಉಳುಕುವುದನ್ನು ಇವು ಕಡಿಮೆ ಮಾಡುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಬಿಳಿ ಟೇಪಿನ ಬಿಗಿ ಅರ್ಧ ಗಂಟೆಯ ಆಟದೊಳಗೇ ಸಡಿಲವಾಗತೊಡಗುತ್ತದೆ. ಬ್ರೇಸನ್ನಾದರೆ ವಿರಾಮದಲ್ಲಿ ಮತ್ತೆ ಬಿಗಿದುಕೊಳ್ಳಬಹುದು, ವರ್ಷವಿಡೀ ಬಳಸಬಹುದು. ನನ್ನನ್ನು ಕೇಳಿದರೆ ಈ ಸೀಸನ್ನಿಗೆ ನಿನ್ನ ದುಡ್ಡು ಬ್ರೇಸಿಗೆ ಹೋಗಲಿ. ನಿಮ್ಮ ಪಂದ್ಯಾವಳಿಯ ನಿಯಮ ಒಪ್ಪುತ್ತದೆಯೇ ಅಂತ ಮಾತ್ರ ಮೊದಲೇ ವಿಚಾರಿಸಿಕೊ.

ಆದರೂ ಬಣ್ಣದ ಪಟ್ಟಿ ಹಚ್ಚಿಯೇ ತೀರುತ್ತೇನೆ ಅಂದರೆ ಸರಿಯಾಗಿ ಹಚ್ಚು. ಮೊದಲ ಸಲ ಫಿಸಿಯೋ ಕೈಯಲ್ಲೇ ಹಾಕಿಸಿಕೊಂಡು ನೋಡಿ ಕಲಿ. ಕಾಲು ತೊಳೆದು ಪೂರ್ತಿ ಒಣಗಿಸು. ಎಣ್ಣೆ, ಕ್ರೀಮು ಇರಬಾರದು, ಕೂದಲು ದಟ್ಟವಾಗಿದ್ದರೆ ಕತ್ತರಿಸಬೇಕು. ಪಟ್ಟಿಯ ನಾಲ್ಕೂ ಮೂಲೆಯನ್ನು ಕತ್ತರಿಯಿಂದ ದುಂಡಗೆ ಮಾಡು, ಇಲ್ಲವಾದರೆ ಸಾಕ್ಸ್ ತಾಗಿ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. ಪಾದವನ್ನು ಕಾಲಿಗೆ ಲಂಬಕೋನದಲ್ಲಿ ಹಿಡಿದುಕೊ. ಒಳಬದಿಯಲ್ಲಿ ಗಿಣ್ಣಿನ ಮೇಲಿಂದ ಶುರುಮಾಡಿ, ಹಿಮ್ಮಡಿಯ ಅಡಿಯಿಂದ ತಂದು, ಹೊರಬದಿಗೆ ಮೇಲಕ್ಕೆ ಎಳೆ. ಎಳೆತ ನಡುವೆ ಮಾತ್ರ. ಎರಡೂ ತುದಿಯ ಮೂರ್ನಾಲ್ಕು ಬೆರಳಗಲವನ್ನು ಎಳೆಯದೆ ಹಾಗೇ ಮಲಗಿಸು. ತುದಿ ಎಳೆದು ಅಂಟಿಸಿದರೆ ಚರ್ಮ ಬೊಬ್ಬೆ ಏಳುತ್ತದೆ. ಆಮೇಲೆ ಅಂಗೈಯಿಂದ ಚೆನ್ನಾಗಿ ತಿಕ್ಕು, ಆ ಬಿಸಿಗೇ ಅಂಟು ಹಿಡಿಯುವುದು. ಆಟಕ್ಕೆ ಒಂದು ಗಂಟೆ ಮೊದಲೇ ಇದೆಲ್ಲ ಮುಗಿದಿರಲಿ, ಬೆವರಿದ ಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ. ಮೂರ್ನಾಲ್ಕು ದಿನ ಇಟ್ಟುಕೊಳ್ಳಬಹುದು. ತುರಿಕೆ ಬಂದರೆ ಅಂದೇ ತೆಗೆ; ತೆಗೆಯುವಾಗ ಎಣ್ಣೆ ಸವರಿ, ಚರ್ಮ ಒತ್ತಿ ಹಿಡಿದು, ಕೂದಲು ಮಲಗಿದ ದಿಕ್ಕಿಗೆ ನಿಧಾನ ಬಿಡಿಸು. ಗಾಯದ ಮೇಲೆ ಹಚ್ಚಲೇಬೇಡ.

ಗಿಣ್ಣನ್ನು ಗಟ್ಟಿ ಮಾಡುವ ಕೆಲಸಕ್ಕೆ ದುಡ್ಡೇ ಬೇಕಿಲ್ಲ, ನಿತ್ಯ ಹತ್ತು ನಿಮಿಷ ಬೇಕು. ಬರಿಗಾಲಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲು, ಮೂವತ್ತು ಸೆಕೆಂಡು. ಆಮೇಲೆ ಕಣ್ಣು ಮುಚ್ಚಿ ನಿಲ್ಲು. ಉಳುಕಿದ ಕಾಲು ಬೇಗ ಅಲುಗಾಡಿದರೆ ಅದಕ್ಕೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. ಮುಂದೆ ದಿಂಬಿನ ಮೇಲೆ ನಿಂತು ಗೆಳೆಯ ಎಸೆದ ಚೆಂಡು ಹಿಡಿ, ಆಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸಿ ನಿಂತಲ್ಲೇ ನಿಲ್ಲುವುದನ್ನು ಕಲಿ. ನೆಲಕ್ಕಿಳಿಯುವಾಗ ಮಂಡಿ ಮಡಿಚಿರಲಿ, ಒಳಕ್ಕೆ ವಾಲದಿರಲಿ. ಯಾರೂ ಮುಟ್ಟದೆಯೇ ಮಂಡಿಯ ಎಸಿಎಲ್ ಎಂಬ ಲಿಗಮೆಂಟು ಹರಿಯುವುದು ಹೆಚ್ಚಾಗಿ ಹಾಗೆ ವಾಲಿದಾಗಲೇ. ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಹೆಚ್ಚು, ನಿನ್ನ ತಂಗಿಗೂ ಹೇಳು. ಫಿಫಾ ಸಂಸ್ಥೆ ಫುಟ್‌ಬಾಲ್ ಆಟಗಾರರಿಗೆಂದು ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ವಾರ್ಮ್ ಅಪ್‌ನಲ್ಲಿ ಇಂಥ ಕಸರತ್ತುಗಳೇ ಇವೆ. ನಾರ್ವೆಯ ಬಾಲಕಿಯರ ತಂಡಗಳಲ್ಲಿ ಪರೀಕ್ಷಿಸಿದಾಗ, ಅದನ್ನು ಮಾಡಿದವರಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು. 2008ರಲ್ಲಿ ಪ್ರಕಟವಾದ ಫಲಿತಾಂಶ ಅದು.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಊದಿಕೊಂಡ ಗಿಣ್ಣಿಗೆ ಪಟ್ಟಿ ಸುತ್ತಿ, ‘ಏನೂ ಆಗಲ್ಲ, ಆಡು’ ಅಂತ ಅಂಕಣಕ್ಕೆ ನೂಕುವವರು ಎಲ್ಲ ಕಡೆಯೂ ಇದ್ದಾರೆ. ಪೆಟ್ಟು ಬಿದ್ದಮೇಲೆ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಇಲ್ಲವೇ ಗಿಣ್ಣಿನ ಮೂಳೆಯ ತುದಿಯನ್ನೋ ಹಿಂಬದಿಯನ್ನೋ ಒತ್ತಿದಾಗ ಜೀವ ಹೋಗುವಷ್ಟು ನೋವಾದರೆ, ಎಕ್ಸ್‌ರೇ ಆಗಲೇಬೇಕು. ಅದಕ್ಕೆ ಮುಂಚೆ ಉಳುಕು ತೆಗೆಸುತ್ತೇವೆ ಅಂತ ಯಾರಿಂದಲೂ ಎಳೆಸಿಕೊಳ್ಳಬೇಡ, ನೀವಿಸಿಕೊಳ್ಳಲೂಬೇಡ. ಒಳಗೆ ಮೂಳೆ ಸೀಳಿದ್ದರೆ ಇನ್ನಷ್ಟು ಕೆಡುತ್ತದೆ.

ಮುಂದಿನ ಪಂದ್ಯಕ್ಕೆ ಇಳಿಯುವ ಮುನ್ನ ಪಟ್ಟಿ, ಬ್ರೇಸು ಎರಡನ್ನೂ ಬಿಚ್ಚಿಟ್ಟು, ಉಳುಕಿದ ಕಾಲಿನಲ್ಲೇ ಹತ್ತು ಸಲ ಕುಪ್ಪಳಿಸಿ ನೋಡು. ನೋವಿಲ್ಲದೆ, ವಾಲದೆ, ಇನ್ನೊಂದು ಕಾಲಿನಷ್ಟೇ ಸರಾಗವಾಗಿ ಆದರೆ ಆಡು. ಆಗದಿದ್ದರೆ ಕೋಚ್ ಏನೇ ಅನ್ನಲಿ, ಆ ಪಂದ್ಯ ಬಿಡು.